ಕೊನೆಯ ದೃಶ್ಯದ ಹೆಣ

ಗುಂಡಿನ ಸದ್ದಿಗೆ ನಾಯಕನ ವೇಷದಲ್ಲಿದ್ದ ದರ್ಜಿ ವೇದಿಕೆಯ ನಡುವೆ ದೊಪ್ಪನೆ ಬಿದ್ದ. ಮೊಣಕೈ ತರಚಿ ಉರಿಯಿತು, ಆದರೆ ಹೆಣಕ್ಕೆ ಉರಿಯುವಂತಿಲ್ಲವಲ್ಲ. ಭಾಷಣ ಕೇಳುವ ಜನರಾಗಿ ಸುತ್ತ ನಿಂತಿದ್ದ ನಟರೆಲ್ಲ ದಿಕ್ಕಾಪಾಲಾಗಿ ಓಡಿ ತೆರೆಗಳ ಹಿಂದೆ ಮರೆಯಾದರು. ಅಲ್ಲಿಗೆ ನಾಟಕ ಮುಗಿಯಿತು.

ಮುಗಿಯಿತು ಅಂದರೆ ಉಳಿದವರಿಗೆ. ಈ ತಂಡದ ಪದ್ಧತಿಯೇ ಬೇರೆ. ಕೊನೆಗೆ ಪರದೆ ಬೀಳುವುದಿಲ್ಲ, ನಟರು ಬಂದು ಕೈಮುಗಿಯುವುದಿಲ್ಲ. ಕೊಲೆಯಾದ ನಾಯಕ ಬೆಳಕಿನಲ್ಲಿ ಹಾಗೇ ಬಿದ್ದಿರಬೇಕು, ಕೊನೆಯ ಪ್ರೇಕ್ಷಕ ಬಾಗಿಲು ದಾಟುವವರೆಗೂ ಏಳುವಂತಿಲ್ಲ. ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುವ ದರ್ಜಿಯ ಕಾಲಿಗೆ ಸುಮ್ಮನಿರುವುದೇ ಗೊತ್ತಿಲ್ಲ. ಈ ಮನುಷ್ಯನನ್ನು ಒಂದು ಕಡೆ ಮಲಗಿಸಬೇಕಾದರೆ ಗುಂಡೇ ಹಾರಿಸಬೇಕು ನೋಡಿ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಇವತ್ತು ಮಾತ್ರ ಯಾರಿಗೂ ನಗು ಬಂದಿರಲಿಲ್ಲ. ನಾಟಕದ ನಾಯಕ ನಿಜವಾಗಿ ಬದುಕಿದ್ದವನು, ಹಾಡಹಗಲೇ ತುಂಬಿದ ಸಭೆಯಲ್ಲಿ ಕೊಲೆಯಾದವನು. ಅವನ ಹೆಂಡತಿ, ಈಗ ತಲೆ ಪೂರ್ತಿ ನರೆತ ಅಮ್ಮ, ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರು ಬೇಡ ಅಂದರೆ ನಾಟಕ ಇವತ್ತಿಗೇ ನಿಂತಂತೆ ಎಂದು ನಿರ್ದೇಶಕ ಮೊದಲೇ ಎಚ್ಚರಿಸಿದ್ದ. ದರ್ಜಿಗೆ ಆ ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಅವರ ಗಂಡನ ನಡಿಗೆ, ಕೆಮ್ಮು, ಮಾತಿನ ನಡುವೆ ಕನ್ನಡಕ ತೆಗೆದು ಒರೆಸುವ ರೀತಿ, ಎಲ್ಲವನ್ನೂ ಅವರ ಕಣ್ಣೆದುರೇ ತನ್ನದು ಅನ್ನುವಂತೆ ತೊಟ್ಟುಕೊಂಡು ಮೆರೆದಿದ್ದ.

ಕುರ್ಚಿಗಳು ಕಿರುಗುಟ್ಟಿದವು. ಚಪ್ಪಲಿಗಳ ಸದ್ದು ಬಾಗಿಲ ಕಡೆ ಹೋಗಿ ನಿಂತಿತು. ಮೂಗಿನ ತುದಿ ತುರಿಸತೊಡಗಿತು, ಬಲಗಾಲು ಜುಂ ಅಂದಿತು. ಸದ್ಯ, ಹೋದರು ಅಂದುಕೊಳ್ಳುವಷ್ಟರಲ್ಲಿ ವೇದಿಕೆಯ ಮೆಟ್ಟಿಲು ಸದ್ದು ಮಾಡಿತು. ಯಾರೋ ನಿಧಾನವಾಗಿ ಹತ್ತಿ ಬಂದು, ಏದುಸಿರು ಬಿಡುತ್ತ, ಅವನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಏಳಬೇಡ ಎಂದು ನಿರ್ದೇಶಕ ತೆರೆಯ ಹಿಂದಿನಿಂದ ಪಿಸುಗುಟ್ಟಿದ. ದರ್ಜಿ ಉಸಿರು ಬಿಗಿಹಿಡಿದ.

"ಅವತ್ತು ಪೊಲೀಸರು ನನ್ನನ್ನ ಹತ್ತಿರಕ್ಕೇ ಬಿಡಲಿಲ್ಲಪ್ಪ," ಎಂದರು ಅಮ್ಮ. "ಆಮೇಲೆ ಮನೆಗೆ ತಂದ್ರು. ಮುಖ ತೋರಿಸಿ ಎತ್ಕೊಂಡು ಹೋದ್ರು."

ಅವನು ಮಿಸುಕಲಿಲ್ಲ. ಅಮ್ಮ ಅವನ ಅಂಗಿಯ ಕಾಲರು ಸರಿಮಾಡಿದರು. ಬೆನ್ನಡಿ ಸಿಕ್ಕಿಕೊಂಡಿದ್ದ ಕೈಯನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟರು. ಅವನಿಗೆ ಎದ್ದು ಕೂತು ತಪ್ಪಾಯಿತಮ್ಮ ಅಂದುಬಿಡಲೇ ಅನ್ನಿಸಿತು. ಆದರೆ ಎದ್ದರೆ ಅವರ ಕೈಯಿಂದ ಈ ಹೆಣವನ್ನೂ ಕಿತ್ತುಕೊಂಡಂತೆ. ಇನ್ನು ಒಂದು ಗಳಿಗೆಯೂ ಉಸಿರು ಬಿಗಿಹಿಡಿಯಲು ಆಗುವಂತಿರಲಿಲ್ಲ.

"ಕಷ್ಟ ಆಗ್ತಿದೆ ಅಲ್ವಾ?" ಎಂದರು ಅಮ್ಮ. ಇನ್ನಷ್ಟು ಬಾಗಿದರು. ಆಮೇಲೆ ಅವನ ಕಿವಿಗಷ್ಟೇ ಕೇಳುವಂತೆ, "ರೀ, ಉಸಿರಾಡಿ," ಎಂದರು.

ದರ್ಜಿ ಉಸಿರು ಬಿಟ್ಟ, ಮತ್ತೆ ಎಳೆದುಕೊಂಡ. ಅಮ್ಮ ಅವನ ಎದೆಯ ಮೇಲೆ ಅಂಗೈ ಇಟ್ಟರು. ಅವನು ಕಣ್ಣು ತೆರೆಯಲಿಲ್ಲ. ಖಾಲಿ ಕುರ್ಚಿಗಳ ಎದುರು ಆ ಕೈ ಮೇಲಕ್ಕೇರುತ್ತ, ಕೆಳಕ್ಕಿಳಿಯುತ್ತ ಇತ್ತು.