ಎರಡು ಸುಳ್ಳು, ಒಂದು ಕಿಟಕಿ

ಹದಿನೇಳರ ಆ ಹುಡುಗಿಗೆ ಮನೆಯಲ್ಲಿಟ್ಟ ಅಡ್ಡಹೆಸರು ಪೊಲೀಸಮ್ಮ. ಹಾಲಿನ ಪ್ಯಾಕೆಟ್ಟಿನ ತಾರೀಕು ನೋಡದೆ ಒಲೆಗಿಡುವವಳಲ್ಲ; ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವವಳಂತೂ ಅಲ್ಲವೇ ಅಲ್ಲ. ಒಮ್ಮೆ ನಂಬಿ ಕೆಟ್ಟಿದ್ದಳು. ಎರಡು ವರ್ಷದ ಹಿಂದೆ ಮುಟ್ಟಿನ ತೊಂದರೆಯೆಂದು ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಒಬ್ಬಳೇ ಹೋಗಿಬಂದಿದ್ದಳು. ಅವಳು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಸಂಜೆಯೊಳಗೆ ಮೂರು ಮಹಡಿಯ ಹೆಂಗಸರೂ ಮೆಟ್ಟಿಲಲ್ಲಿ ತಡೆದು ನಿಲ್ಲಿಸಿ ಬಿಟ್ಟಿ ಸಲಹೆ ಕೊಟ್ಟಿದ್ದರು. ಅಂದಿನಿಂದ ಅವಳು ಆ ಕೇಂದ್ರದ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಹಾಗಿರುವಾಗ ಒಂದು ದಿನ ಅದೇ ಕೇಂದ್ರದ ನರ್ಸ್, ನರೆಗೂದಲಿನ ಹೆಂಗಸು, ಅವಳ ತರಗತಿಗೇ ಬಂದು ನಿಂತರು.

"ಬುಧವಾರ ಮಧ್ಯಾಹ್ನ ನಿಮ್ಮ ವಯಸ್ಸಿನವರಿಗೇ ಅಂತ ಇಟ್ಟಿದೀವಿ. ನೀವು ಹೇಳಿದ್ದು ನನ್ನ ಕಿವಿ ದಾಟಲ್ಲ. ಈ ಕೆಲಸ ಕಲಿಯೋ ಆಸೆ ಇದ್ರೂ ಬನ್ನಿ, ತೋರಿಸ್ತೀನಿ."

ಕಿವಿ ದಾಟಲ್ವಂತೆ! ಹಾಗಾದರೆ ಅವತ್ತು ದಾಟಿದ್ದು ಯಾರ ಬಾಯಿಯನ್ನು? ಪೊಲೀಸಮ್ಮನಿಗೆ ಮೈಯೆಲ್ಲ ಉರಿಯಿತು. ಕಳ್ಳರನ್ನು ಹಿಡಿದೇ ತೀರುವುದೆಂದು ಎರಡು ಸುಳ್ಳು ಹೊಸೆದಳು.

ಬುಧವಾರ ನೋಂದಣಿ ಕಿಟಕಿಯಲ್ಲಿದ್ದ ಮುದಿ ಗುಮಾಸ್ತನಿಗೆ "ಕೈ ನಡುಗುತ್ತೆ" ಎಂದಳು. ಒಳಗೆ ನರ್ಸ್ ಹತ್ತಿರ ಅದರ ಸುದ್ದಿಯೇ ಎತ್ತದೆ "ನಿದ್ದೇಲಿ ಎದ್ದು ಓಡಾಡ್ತೀನಿ" ಎಂದಳು. ಇನ್ನು ಮನೆಗೆ ಬರುವುದು ಯಾವ ಸುಳ್ಳೋ, ಅದನ್ನು ಕೇಳಿಸಿಕೊಂಡವರೇ ಕಳ್ಳರು. ನರ್ಸ್ ಮಾತ್ರ ತಾಳ್ಮೆಯಿಂದ ಎಷ್ಟು ದಿನವಾಯಿತು, ಏನು ಓದುತ್ತೀಯ ಎಂದೆಲ್ಲ ಕೇಳಿದರು. ಆ ಸಮಾಧಾನವೇ ಅವಳ ಅನುಮಾನವನ್ನು ಹೆಚ್ಚಿಸಿತು. ಇಷ್ಟು ಒಳ್ಳೆಯವರಾಗಿರಲು ಸಾಧ್ಯವೇ?

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬಿಸಿ ಚಹಾದ ಲೋಟಕ್ಕೆ ಕೈಚಾಚಿದಾಗ ಅಮ್ಮ ಅದನ್ನು ಹಿಂದಕ್ಕೆಳೆದುಕೊಂಡಳು.

"ಬೇಡ, ಚೆಲ್ಲಿಕೋತೀಯ. ಆರಲಿ, ನಾನೇ ಕುಡಿಸ್ತೀನಿ."

"ಯಾರಮ್ಮ ಹೇಳಿದ್ದು?"

"ಯಾರೋ ಹೇಳಿದ್ರು. ಹೆತ್ತ ಅಮ್ಮನಿಗೆ ಮಾತ್ರ ಹೇಳಬಾರದಾ?"

ಸಿಕ್ಕಿಬಿದ್ದ, ಗುಮಾಸ್ತ! ಆದರೂ ಕಣ್ಣಾರೆ ಕಾಣದೆ ತೀರ್ಪು ಕೊಡುವವಳಲ್ಲ. ಮುಂದಿನ ಬುಧವಾರ ಮುಖಕ್ಕೆ ಪುಸ್ತಕ ಅಡ್ಡ ಹಿಡಿದು ಕಿಟಕಿಯ ಪಕ್ಕದ ಬೆಂಚಿನ ಮೂಲೆಯಲ್ಲಿ ಕುಳಿತಳು.

ಕೆಳಗಿನ ಮನೆಯ ಹುಡುಗ ಬಂದು ಗಾಜಿನ ತೂತಿಗೆ ಬಾಯಿಟ್ಟು ಏನೋ ಪಿಸುಗುಟ್ಟಿದ. ಗುಮಾಸ್ತ ಕಿವಿಗೆ ಅಂಗೈ ಒಡ್ಡಿದ. "ಏನು? ತುರಿಕೆನಾ? ತೊಡೆ ಸಂದೀಲಾ?" ಬೆಂಚಿನ ಮೇಲಿದ್ದ ಎಂಟೂ ತಲೆಗಳು ತಿರುಗಿದವು. ಅವುಗಳಲ್ಲೊಂದು ವಾರವಾರವೂ ಬಿ.ಪಿ. ತೋರಿಸಲು ಬರುವ ಮೇಲಿನ ಮನೆಯ ಆಂಟಿಯದು. ಹುಡುಗ ಚೀಟಿಯನ್ನೂ ತೆಗೆದುಕೊಳ್ಳದೆ ಕಾಲಿಗೆ ಬುದ್ಧಿ ಹೇಳಿದ.

ಗುಮಾಸ್ತ ಯಾರಿಗೂ ಚಾಡಿ ಹೇಳಿರಲಿಲ್ಲ; ಪಾಪ, ಅವನಿಗೆ ಕಿವಿ ಮಂದ. ಅವಳ 'ಕೈ ನಡುಗುತ್ತೆ'ಯನ್ನೂ ಹೀಗೇ ಕೂಗಿದ್ದ; ಒಳಗೆ ಹೇಳಬೇಕಾದ ಸುಳ್ಳಿನ ಯೋಚನೆಯಲ್ಲಿ ಅವಳಿಗದು ಹೊಳೆದಿರಲಿಲ್ಲ, ಬೆಂಚು ಮಾತ್ರ ಕೇಳಿಸಿಕೊಂಡಿತ್ತು. ಅವನ ಮೇಲೆ ಇಷ್ಟು ದಿನ ಹಲ್ಲು ಮಸೆದಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಕಾರಿಡಾರಿನ ಕೊನೆಯ ಕೋಣೆಗೆ ಹೋಗಿ ಎರಡೂ ಸುಳ್ಳನ್ನು ಒಪ್ಪಿಕೊಂಡಳು. ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ನಿಂತರೆ, ನರ್ಸ್ ಕುರ್ಚಿಗೆ ಕುಸಿದರು.

"ಮಕ್ಕಳು ಯಾಕೆ ಬರಲ್ಲ, ಯಾಕೆ ಬರಲ್ಲ ಅಂತ ಎರಡು ವರ್ಷದಿಂದ ಪೋಸ್ಟರ್ ಬದಲಾಯಿಸ್ತಾ ಇದ್ದೆನಲ್ಲೇ! ಒಂದ್ಸಲಾನೂ ಆ ಬೆಂಚಿನ ಮೇಲೆ ಕೂತು ನೋಡಲಿಲ್ಲ."

ಆ ವಾರವೇ ಕಿಟಕಿಯಲ್ಲಿ ಖಾಲಿ ಚೀಟಿಗಳ ಕಟ್ಟು, ದಾರ ಕಟ್ಟಿದ ಪೆನ್ನು ಬಂದವು. ಬೆಂಚು ಎದುರು ಗೋಡೆಗೆ ಸರಿಯಿತು. ಗುಮಾಸ್ತ ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ "ಈಗ ಗಂಟಲಿಗೆ ಆರಾಮು" ಎಂದ. ನರ್ಸ್ ಅವಳನ್ನು ಬುಧವಾರಗಳಂದು ಕಿಟಕಿಯ ಒಳಬದಿಗೆ ಕೂರಲು ಕರೆದರು.

"ಇದರಲ್ಲಿ ನಿಮಗೇನು ಲಾಭ?" ಪೊಲೀಸಮ್ಮ ಹುಬ್ಬೇರಿಸಿದಳು.

"ಇನ್ನು ಆರು ವರ್ಷಕ್ಕೆ ನಾನು ರಿಟೈರ್ ಆಗ್ತೀನಿ. ನಿನ್ನಂಥ ಅನುಮಾನದ ಪ್ರಾಣಿ ಒಂದಾದ್ರೂ ಇಲ್ಲಿರ್ಲಿ ಅಂತ ಆಸೆ. ಸಾಲದಾ?"

ಆ ಉತ್ತರವನ್ನು ತಿರುಗಿಸಿ ಮುರುಗಿಸಿ ನೋಡಿದಳು; ಹುಳುಕು ಕಾಣಲಿಲ್ಲ. ಹೋದಳು. ಕಾರ್ಡು ತುಂಬುವುದನ್ನು ಕಲಿತಳು, ಬಿ.ಪಿ. ನೋಡುವುದನ್ನೂ ಕಲಿತಳು. ನರ್ಸಿಂಗ್ ಕೋರ್ಸಿನ ಅರ್ಜಿಯೊಂದನ್ನು ತಂದು ಅಮ್ಮನ ಮುಂದಿಟ್ಟಳು; ಅದು ರುಜುವಿಲ್ಲದೆ ಹಾಗೇ ಬಿದ್ದಿತ್ತು. ಓಡಿಹೋದ ಹುಡುಗ ಒಂದು ಬುಧವಾರ ಮತ್ತೆ ಬಂದು, ಸುತ್ತಲೂ ನೋಡಿ, ಚೀಟಿ ಬರೆದು ಮಡಿಸಿಕೊಟ್ಟ. ಅವಳು ಅದನ್ನು ಬಿಡಿಸದೆಯೇ ಒಳಗೆ ಕೊಟ್ಟುಬಂದಳು.

ಅಂದು ಊಟಕ್ಕೆ ಬಡಿಸುತ್ತ ಅಮ್ಮ ಮೆಲ್ಲಗೆ ಕೇಳಿದಳು, "ಕೆಳಗಿನ ಮನೆ ಹುಡುಗ ಬಂದಿದ್ನಂತೆ? ಏನಂತೆ ಅವನಿಗೆ?"

"ಯಾವ ಹುಡುಗ?"

"ಏನನ್ನೋ ಮುಚ್ಚಿಡ್ತಿದೀಯ ನೀನು."

"ಹೂಂ ಅಮ್ಮ, ಮುಚ್ಚಿಡ್ತಿದೀನಿ."

ಅಮ್ಮ ಮಗಳ ಮುಖವನ್ನೇ ದಿಟ್ಟಿಸಿದಳು. ಸೌಟು ಪಾತ್ರೆಯ ಅಂಚಿಗೆ ಠಣ್ಣೆಂದು ಬಡಿಯಿತು. ಆಮೇಲೆ ಕೈ ಒರೆಸಿಕೊಂಡು, ನರ್ಸಿಂಗ್ ಕೋರ್ಸಿನ ಅರ್ಜಿಯನ್ನು ಎಳೆದುಕೊಂಡು, ಮೊದಲಿನಿಂದ ಕೊನೆಯವರೆಗೂ ಎರಡೆರಡು ಸಲ ಓದಿ, ರುಜು ಹಾಕಿದಳು.