ಕಲ್ಲಣ್ಣ ಗುರುಜಿಯ ವಹಿ

ವಳಸಂಗದ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳಿಗೆ ಪ್ರಮಾಣವೆಂದರೆ ನಿವೃತ್ತ ಕಲ್ಲಣ್ಣ ಗುರುಜಿ ಬರೆದಿಟ್ಟ ವಹಿ, ಅವರ ಕೈಬರಹದ ನೋಟುಪುಸ್ತಕ. ಪ್ರತಿ ವರ್ಷದ ಮಕ್ಕಳು ಅದನ್ನು ನಕಲು ಮಾಡಿಕೊಳ್ಳುತ್ತಾರೆ. ದಸರೆಗೆ ಅದಕ್ಕೆ ಕುಂಕುಮವೇರಿಸಿ ಪೂಜೆಯೂ ನಡೆಯುತ್ತದೆ. ಅಕ್ಕಲಕೋಟೆಯ ಇಂಗ್ಲಿಷ್ ಸ್ಪರ್ಧೆಗೆ ಒಬ್ಬರನ್ನು ಆರಿಸಲು ಪರೀಕ್ಷೆಯಿಟ್ಟ ಇಂಗ್ಲಿಷ್ ಶಿಕ್ಷಕಿ ಗೋಪಿಕಾ ಬಾಯಿ, ಆ ವಹಿಯನ್ನೇ ಮುಂದಿಟ್ಟುಕೊಂಡು ಉತ್ತರಗಳನ್ನು ತಿದ್ದಿದರು. ಅಮೇಯನಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು. ಕುರಿ ಸಾಕುವ ಮನೆಯ ಶೀತಲಳಿಗೆ ಇಪ್ಪತ್ತನಾಲ್ಕು.

ಮರುದಿನ ಶೀತಲ ಶಾಲೆಯ ದಪ್ಪ ನಿಘಂಟನ್ನು ಎದೆಗವಚಿಕೊಂಡು ಬಂದಳು.

"ಬಾಯಾರ, ನಡಕೋತ ಹೋಗೂದಕ್ಕ ನಾ 'ಆನ್ ಫುಟ್' ಅಂತ ಬರದಿದ್ದೆ. ಇದರಾಗೂ ಹಂಗ ಐತ್ರಿ. ವಹಿಯಾಗ ಮಾತ್ರ 'ಆನ್ ಫೀಟ್' ಐತಿ."

ಗೋಪಿಕಾ ಬಾಯಿ ಎರಡು ಸಲ ಓದಿದರು. ನಡೆಯುವ ಪಾದಗಳು ಎರಡಾದರೂ ಇಲ್ಲಿ ಇಂಗ್ಲಿಷಿನವರು ಒಂದನ್ನೇ ಹೇಳುತ್ತಾರೆ. 'ಬೈ ಹ್ಯಾಂಡ್' ಎನ್ನುವಾಗ ಕೈಯೂ ಒಂದೇ. ರೂಢಿಯ ಮಾತು ಹಾಗೆಯೇ ನಿಂತಿದೆ. ಹನ್ನೊಂದು ವರ್ಷ ತಾವು ತಪ್ಪನ್ನು ಕಲಿಸಿದ್ದರು. ನಿಘಂಟು ಅಷ್ಟೂ ವರ್ಷ ಕಪಾಟಿನಲ್ಲೇ ಇತ್ತು.

ಅಂಕಗಳನ್ನು ತಿದ್ದಲು ಮುಖ್ಯಾಧ್ಯಾಪಕ ಯೋಗಿರಾಜ ಸರ್ ಒಪ್ಪಲಿಲ್ಲ. "ಅಮೇಯನ ಹೆಸರು ಕಳಿಸಿ ಆಗೇತಿ. ಒಂದು ಮಾರ್ಕಿನ ಸಲುವಾಗಿ ಗುರುಜಿ ಮರ್ಯಾದಿ ತಗೀತೀರೇನ್ರಿ? ಜಾಊ ದ್ಯಾ, ಬಿಟ್ಟಬಿಡ್ರಿ. ಹುಡುಗಿ ಮುಂದಿನ ವರ್ಷ ಹೋಗ್ತಾಳ."

"ಆಕಿದು ಇದ ಕಡೀ ವರ್ಗ, ಮುಂದಿನ ವರ್ಷ ಆಕಿ ಈ ಸಾಲ್ಯಾಗ ಇರೂದಿಲ್ರಿ, ಸರ್. ಒಂದು ಶಬ್ದ ತಿದ್ದಿದ್ರ ಹೋಗೂವಷ್ಟು ಸಣ್ಣದೇನ್ರಿ ಗುರುಜಿ ಮರ್ಯಾದಿ?"

ಗುರುವಿನ ಹೆಸರಿನಲ್ಲಿ ತಪ್ಪನ್ನು ಕಾಯುವುದು ಭಕ್ತಿಯಲ್ಲ, ಸೋಮಾರಿತನ. ಅದರ ದಂಡವನ್ನು ಸರಿಯಾಗಿ ಬರೆದ ಮಗು ತೆರಬೇಕೆನ್ನುವುದು ಅನ್ಯಾಯ. ಗೋಪಿಕಾ ಬಾಯಿ ನೇರವಾಗಿ ತರಗತಿಗೆ ನಡೆದರು.

"ತಪ್ಪು ನಂದು. ನಾ ನಿಘಂಟು ನೋಡದ ತಿದ್ದೀನಿ. 'ಆನ್ ಫುಟ್' ಅನ್ನೂದ ಸರಿ. ಶೀತಲಗ ಇಪ್ಪತ್ತೈದು, ಅಮೇಯಗ ಇಪ್ಪತ್ತನಾಲ್ಕು. ಅಕ್ಕಲಕೋಟಿಗೆ ಶೀತಲ ಹೋಗ್ತಾಳ."

ಅಮೇಯನ ಮುಖ ಕೆಂಪಾಯಿತು. "ಒಂದ ಪಾದದಾಗ ಹ್ಯಾಂಗ್ ನಡೀತಾರ್ರಿ, ಬಾಯಾರ? ಇಂಗ್ಲಿಷರು ಕುಂಟತಿದ್ರೇನು?"

ತರಗತಿ ನಕ್ಕಿತು.

"ಕುಂಟೂದಕ್ಕ ಬ್ಯಾರೆ ಶಬ್ದ ಐತೋ," ಎಂದಳು ಶೀತಲ, ನಿಘಂಟನ್ನು ಅವನತ್ತ ಸರಿಸಿ. "ನೀನ ಹುಡುಕು."

ಅಮೇಯ ಗೊಣಗುತ್ತಲೇ ಪುಟ ತಿರುವತೊಡಗಿದ. ಗೋಪಿಕಾ ಬಾಯಿ ವಹಿಯಲ್ಲಿ ತಪ್ಪನ್ನು ಹೊಡೆದುಹಾಕಿ, ಸರಿಯಾದುದನ್ನು ಬರೆದು, ಪಕ್ಕದಲ್ಲಿ ತಮ್ಮ ಹೆಸರನ್ನೂ ದಿನಾಂಕವನ್ನೂ ನಮೂದಿಸಿದರು. ಬಳಿಕ ಹೆಸರು ಬದಲಿಸುವ ಪತ್ರವನ್ನು ಯೋಗಿರಾಜ ಸರ್ ಮುಂದಿಟ್ಟು, ಅವರು ಸಹಿ ಹಾಕುವ ತನಕ ಅಲ್ಲಿಂದ ಕದಲಲಿಲ್ಲ.