ಕೆಂಪು ದಾರದ ಕಟ್ಟು

ಗುಂಡಿ ಮೊಣಕಾಲುದ್ದ ಆಗಿತ್ತು. ಕಾಟಪ್ಪ ಮತ್ತೆ ಗುದ್ದಲಿ ಎತ್ತಿದಾಗ ಗೇಟಿನ ಕಡೆಯಿಂದ ಯಾರೋ, "ನಿಲ್ಲಿಸ್ರಿ" ಎಂದರು.

ಪಾಲಿಕೆಯ ಆರೋಗ್ಯ ನಿರೀಕ್ಷಕ ಮಹಾಂತೇಶ್. ಬೈಕಿನಿಂದ ಇನ್ನೂ ಇಳಿದಿರಲಿಲ್ಲ.

"ಈ ಸ್ಮಶಾನ ಮುಚ್ಚಿ ಎರಡು ವರ್ಷ ಆತು. ಹೊಸದು ಊರ ಹೊರಗೈತೆ. ಅಲ್ಲಿಗೆ ತಗಂಡು ಹೋಗ್ರಿ."

"ನಮಗ್ಯಾರೂ ಹೇಳಲಿಲ್ವಲ್ಲ ಸಾಹೇಬ್ರೆ," ಎಂದ ಸತ್ತವನ ಮಗ ಸಿದ್ದೇಶ್.

"ಗೇಟಿಗೇ ನೋಟೀಸ್ ಹಚ್ಚೈತೆ. ಮೂವತ್ತು ದಿನದಾಗೆ ಆಕ್ಷೇಪಣೆ ಕೊಡಬೇಕಿತ್ತು. ಒಂದೂ ಬರ್ಲಿಲ್ಲ."

ಸಿದ್ದೇಶ್ ಹೋಗಿ ಓದಿದ. ಸಣ್ಣ ಅಕ್ಷರ, ಕಚೇರಿ ಕನ್ನಡ. ಎರಡನೇ ಸಲ ಓದಿದಾಗ ಅರ್ಥವಾಯಿತು. ಅರ್ಥವಾದ ಮೇಲೆ ತಲೆ ಇನ್ನಷ್ಟು ಕೆಟ್ಟಿತು. ನಿಟ್ಟುವಳ್ಳಿ ಬಡಾವಣೆಗೆಲ್ಲ ಪಾಲಿಕೆಯ ನೋಟೀಸ್ ಹಚ್ಚುತ್ತಿದ್ದವನು ಅವನಪ್ಪ ಕಲ್ಲಪ್ಪ ಒಬ್ಬನೇ. ಈಗ ತೋಡುತ್ತಿದ್ದದ್ದೂ ಅವನ ಗುಂಡಿಯೇ, ಅವನ ತಾಯಿಯ ಸಮಾಧಿಯ ಪಕ್ಕದಲ್ಲಿ.

"ಮಾಮ, ಇದು ನಾಯಿ ಲೈಸೆನ್ಸಿಂದು ಅಂದಿದ್ನಲ್ಲ ಅಪ್ಪ."

"ನನಗೂ ಹಂಗೇ ಅಂದಿದ್ದ," ಎಂದ ಭಾನುವಳ್ಳಿಯಿಂದ ಬಂದಿದ್ದ ಸೋದರಮಾವ ಕಾಟಪ್ಪ. " ಭಾನುವಳ್ಳ್ಯಾಗೂ ನಾಯಿಗೆ ಫೀಸ್ ಕಟ್ಟಬೇಕಾ ಭಾವ ಅಂದೆ. ನಿಮ್ದು ಪಂಚಾಯ್ತಿ, ನಿಮ್ಮ ನಾಯಿಗೆ ಬೇರೆ ಕಾನೂನು ಅಂದ."

ಮಹಾಂತೇಶನೊಡನೆ ಅವರು ಮನೆಗೆ ಮರಳುವಷ್ಟರಲ್ಲಿ, ಮುಂದೆ ಕುಳಿತಿದ್ದ ಜನರಿಗೆ ಸುದ್ದಿ ಮುಟ್ಟಿತ್ತು.

"ಓದಿ ಓದಿ ಹಚ್ಚಿದೋನು," ಎಂದ ಪಕ್ಕದ ಮನೆಯ ನಿಂಗರಾಜ್. "ಗೊತ್ತಿಲ್ದೆ ಇರುತ್ತಾ? ಬೇಕಂತ್ಲೇ ಮುಚ್ಚಿಟ್ಟ. ನಮ್ಮಪ್ಪನೂ ಅಲ್ಲೇ ಅದಾನೆ."

ಹೆಣದ ತಲೆಯ ಬಳಿ ಕುಳಿತಿದ್ದ ಕಲ್ಲಪ್ಪನ ಹೆಂಡತಿ ಗಿರಿಯಮ್ಮ ಬಾಯಿ ತೆರೆದಳು. ಮಗ ತನ್ನನ್ನೇ ನೋಡುತ್ತಿರುವುದು ಕಂಡು ಮುಚ್ಚಿದಳು.

*

ಕಲ್ಲಪ್ಪನಿಗೆ ಓದು ಬರುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಗಿರಿಯಮ್ಮನಿಗೆ ಮತ್ತು ಒಬ್ಬ ಹಳೆಯ ಗುಮಾಸ್ತನಿಗೆ. ಗುಮಾಸ್ತ ನೋಟೀಸಿನ ಕಟ್ಟುಗಳಿಗೆ ಬೇರೆ ಬೇರೆ ದಾರ ಸುತ್ತಿ ಕೊಡುತ್ತಿದ್ದ. ಬಿಳಿ ದಾರವಾದರೆ ಫೀಸು ಕಟ್ಟುವಂಥದ್ದು. ಹಸಿರಾದರೆ ಮಾಡಬಾರದ್ದು: ಪ್ಲಾಸ್ಟಿಕ್, ಚರಂಡಿಗೆ ಕಸ. ಕೆಂಪಾದರೆ ಏನನ್ನೋ ಮುಚ್ಚುವಂಥದ್ದು. ಗುಮಾಸ್ತ ನಿವೃತ್ತನಾಗಿ ಹೋದ. ಹೊಸಬರು ಯಾಕೆಂದು ಕೇಳದೆ ಅದೇ ದಾರ ಸುತ್ತುತ್ತ ಹೋದರು. ದಾರ ನೋಡಿ, ಚಹಾದಂಗಡಿಯ ಮಾತು ಕೇಳಿ, ಕಲ್ಲಪ್ಪ ವಿಷಯ ಊಹಿಸುತ್ತಿದ್ದ. ಕೇಳಿದವರಿಗೆ ಗಂಭೀರವಾಗಿ ಹೇಳುತ್ತಿದ್ದ. ಸಿದ್ದೇಶನ ಮಾರ್ಕ್ಸ್ ಕಾರ್ಡನ್ನೂ ಅಷ್ಟೇ ಗಂಭೀರವಾಗಿ ನೋಡಿ ಬೈಯುತ್ತಿದ್ದ.

ಎರಡು ವರ್ಷದ ಹಿಂದೆ ಒಂದು ಸಂಜೆ ಮಳೆಗೆ ಕಟ್ಟು ತೊಯ್ದಿತ್ತು. ಗಿರಿಯಮ್ಮ ಬಿಚ್ಚಿ ಮಂಚದ ಮೇಲೆ ಹರವಿದಳು. ಕೆಂಪು ದಾರ ಗಟ್ಟಿಯಿತ್ತು. ಆಡಿನ ಮರಿಯ ಕೊರಳಿಗೆ ಗಂಟೆ ಕಟ್ಟಲು ಬಂತು. ಒಣಗಿದ ಕಾಗದಕ್ಕೆ ಹೂ ಕಟ್ಟುವ ಬಿಳಿ ದಾರ ಸುತ್ತಿಟ್ಟಳು.

ಬೆಳಿಗ್ಗೆ ಕಲ್ಲಪ್ಪ ಅಂಟಿನ ಬಕೆಟ್ ಹಿಡಿದು ಬಂದ. ಕಟ್ಟು ನೋಡಿದ.

"ಬಿಳಿ. ಅದೇ ನಾಯಿ ಲೈಸೆನ್ಸ್ ಅಂತಿದ್ರಲ್ಲ, ಅದು ಬಂತು."

*

"ನಮ್ಮೂರಿಗೆ ಒಯ್ಯೋಣಕ್ಕ," ಎಂದ ಕಾಟಪ್ಪ. "ಭಾನುವಳ್ಳ್ಯಾಗೆ ಯಾರೂ ತಡೆಯಲ್ಲ."

"ಅಲ್ಲಿ ಪಂಚಾಯ್ತಿ ಒಪ್ಪಿಗೆ ಬೇಕಾಗ್ತದೇನೋ," ಎಂದ ಮಹಾಂತೇಶ್. "ಬೇಕೋ ಬ್ಯಾಡವೋ, ಕೇಳಿ ಹೇಳ್ತೀನಿ."

ಅವನು ಫೋನ್ ಮಾಡಿದ. ಆ ಕಡೆಯವರು ಇನ್ನೊಬ್ಬರ ನಂಬರ್ ಕೊಟ್ಟರು.

"ಬ್ಯಾಡ," ಎಂದಳು ಗಿರಿಯಮ್ಮ. "ಹೊಸದಕ್ಕೇ ನಡೀರಿ."

"ಅವ್ವ, ಅಜ್ಜಿ ಪಕ್ಕ ಅಂತ ಅಪ್ಪಂಗೆ ನೀನೇ ಮಾತು ಕೊಟ್ಟಿದ್ದಿ."

"ನಾನೇ ಕೊಟ್ಟಿದ್ದೆ."

ಹೆಣ ಎತ್ತುವಾಗ ಕಾಲಿನ ಹೆಬ್ಬೆರಳುಗಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿಹೋಯಿತು. ಕಾಟಪ್ಪ ದಾರ ಕೇಳಿದ. ಯಾರೋ ಹೂವಿನ ದಾರದ ಉಂಡೆ ಚಾಚಿದರು.

"ಬಿಳಿದು ಬ್ಯಾಡ," ಎಂದಳು ಗಿರಿಯಮ್ಮ.

ಎದ್ದು ಆಡಿನ ಹತ್ತಿರ ಹೋದಳು. ಕೊರಳಿನ ಗಂಟು ಬಿಚ್ಚಲಾಗಲಿಲ್ಲ. ಹಲ್ಲಿನಿಂದ ಕಡಿದಳು. ಗಂಟೆ ಕಲ್ಲಿನ ಮೇಲೆ ಬಿತ್ತು.

"ಯಾಕಕ್ಕ, ಆಡಿಂದು?"

ಅವಳು ಗಂಡನ ಎರಡು ಹೆಬ್ಬೆರಳು ಸೇರಿಸಿ, ಮಾಸಿದ ಕೆಂಪು ದಾರ ಮೂರು ಸುತ್ತು ಸುತ್ತಿ, ನೋಟೀಸಿನ ಕಟ್ಟಿಗೆ ಹಾಕುವಂತೆಯೇ ಗಂಟು ಹಾಕಿದಳು. ಸದ್ದಿಲ್ಲದೆ ಬಂದ ಆಡು ಚಟ್ಟದ ಮೇಲಿನ ಸೇವಂತಿಗೆ ಮಾಲೆಗೆ ಬಾಯಿ ಹಾಕಿತು.